ಮಾರಮಾಚಿಯ ಕಲ್ಲು

ಕಾರಾ-ಬುಲುಂಗ್
೨೪ ನವೆಂಬರ್ ೧೯೯೫

ತಮ್ಮ ಮುಕಾಶ್‌ಗೆ,

ನಿನ್ನ ತಂತಿ ತಲುಪಿತು. ‘ಸಮಾಧಿಯ ಕಲ್ಲಿನಲ್ಲಿ ಟ್ಯಾಂಕ್ ಮರೆಯಬೇಡಿ’ ಎಂದಷ್ಟೇ ಇದೆ. ಅಂಚೆ ಕಚೇರಿಯ ಹುಡುಗಿ ಅದನ್ನು ಸಂತೆಯ ನಡುವೆ ನನ್ನ ಕೈಗಿಟ್ಟು, “ಶರಾಪತ್ ಅಕ್ಕಾ, ಟ್ಯಾಂಕನ್ನ ಎಲ್ಲಿ ಮರೆತು ಬಂದ್ರಿ?” ಎಂದು ಕೇಳಿದಳು. ಈಗ ಊರೆಲ್ಲ ಅದನ್ನೇ ಕೇಳುತ್ತಿದೆ. ಇನ್ನು ಮುಂದೆ ಹೇಳುವುದಿದ್ದರೆ ಲಕೋಟೆಯಲ್ಲಿ ಹಾಕಿ ಕಳಿಸು.

ಅಪ್ಪನ ನಲವತ್ತನೆಯ ದಿನ ಮುಗಿಯಿತು. ಹಿಟ್ಟಿನ ಬೋರ್ಸೋಕ್ ಕರಿದು ಮನೆಮನೆಗೆ ಹಂಚಿದೆವು. ಮುಲ್ಲಾ ಬಂದು ಓದಿದರು. ಗಣಿಯಲ್ಲಿ ನಿನಗೆ ರಜೆ ಸಿಗಲಿಲ್ಲವೆಂದು ನಾನೇ ಎಲ್ಲರಿಗೂ ಹೇಳಿದೆ. ನಂಬುವವರು ನಂಬಿದರು.

ಅವ್ವ ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳೆ ಅಂದರೆ ಯಾರ ಮಾತನ್ನೂ ಕೇಳುತ್ತಿಲ್ಲ. ನನಗೆ ಮೊದಲ ಮಗುವಾದಾಗ ಅಪ್ಪ ನಮ್ಮೆರಡು ಮನೆಗಳ ನಡುವಿನ ಗೋಡೆ ಒಡೆದು ಬಾಗಿಲಿಟ್ಟನಲ್ಲ, ಚಳಿಯಲ್ಲಿ ಅವ್ವ ಬೂಟು ಹಾಕದೆಯೇ ಮೊಮ್ಮಗುವಿನ ಹತ್ತಿರ ಬರಲಿ ಅಂತ, ಈಗ ಅದೇ ಬಾಗಿಲಿಂದ ದಿನಕ್ಕೆ ಹತ್ತು ಸಲ ಬಂದು ನನ್ನ ಅಡುಗೆಗೆ ಹೆಸರಿಡುತ್ತಾಳೆ. ನನ್ನ ಗಂಡ ಜಪಾರ್‌ನನ್ನು ಊರವರು ಮನೆಯಳಿಯ ಎಂದು ಆಡಿಕೊಂಡಾಗ ಅಪ್ಪ, “ಅವನು ಮನೆಯಳಿಯ ಅಲ್ಲ, ಬಾಗಿಲಳಿಯ” ಅಂದಿದ್ದ. ಜಪಾರ್ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾನೆ, ಆಮೇಲೆ ಹೊರಗೆ ಹೋಗಿ ಸೌದೆ ಒಡೆಯುತ್ತಾನೆ.

ಒಂದು ಮಾತು. ಅಪ್ಪನನ್ನು ಮಣ್ಣು ಮಾಡಿದ ದಿನ ಉಣ್ಣೆಯ ಗುಡಾರದಲ್ಲಿ ಗೋಡೆಗೆ ಮುಖಮಾಡಿ ಕೂತು ಅವ್ವ ಹಾಡಿ ಹಾಡಿ ಅತ್ತಳಲ್ಲ, ನೀನೂ ಕೇಳಿದೆ. ಅಷ್ಟು ಹಾಡಿನಲ್ಲಿ ಅಪ್ಪನ ಹೆಸರು ಒಂದು ಸಲವೂ ಬರಲಿಲ್ಲ. ಸೊಸೆಯಾಗಿ ಬಂದವಳು ಗಂಡನ ಹೆಸರನ್ನಾಗಲಿ ಮಾವನ ಹೆಸರನ್ನಾಗಲಿ ಬಾಯಲ್ಲಿ ತರಬಾರದು, ಸರಿ. ಹಳೆಯ ಹೆಂಗಸರು ಮೆಚ್ಚಿದರು. ಆದರೆ ಕೊಯ್ಚುಮಾನ್ ಎಂಬ ಹೆಸರಿನಲ್ಲಿ ಕುರಿಯನ್ನು ಹೇಳುವ ‘ಕೊಯ್’ ಇದೆ ಎಂದು ಕುರಿಗೂ ಕೊಯ್ ಅನ್ನದೆ, ‘ಮಾರಮಾ’, ಅಂದರೆ ‘ಮ್ಯಾ ಅನ್ನೋದು’, ಎಂದೇ ಕರೆದು ಇಷ್ಟು ವರ್ಷ ಬಾಳಿದವಳನ್ನು ನಾನು ಬೇರೆ ಕಂಡಿಲ್ಲ. ಅಪ್ಪನಿಗೂ ಅವಳೇ ಇಟ್ಟ ಹೆಸರು: ಮಾರಮಾಚಿ, ಮ್ಯಾ ಅನ್ನುವುದನ್ನು ಕಾಯುವವನು. ಸಂಜೆ ಚಹಾ ಆದಾಗ ಅಂಗಳಕ್ಕೆ ಬಂದು, “ಮಾರಮಾಚೀ!” ಎಂದು ಕೂಗುತ್ತಿದ್ದಳು. ಅಪ್ಪ ಲಾಯದಿಂದ “ಮ್ಯಾ!” ಎಂದು ಉತ್ತರ ಕೊಡುತ್ತಿದ್ದ. ಈಗಲೂ ಆ ಹೊತ್ತಿಗೆ ಅಂಗಳಕ್ಕೆ ಬರುತ್ತಾಳೆ. ಬಾಯಿ ತೆರೆಯುತ್ತಾಳೆ. ಸುಮ್ಮನೆ ಒಳಗೆ ಹೋಗುತ್ತಾಳೆ.

ಕಲ್ಲನ್ನು ತಾನೇ ಮಾಡಿಸುವೆನೆಂದು ಹಟ ಹಿಡಿದಿದ್ದಾಳೆ. ನಿನ್ನ ಟ್ಯಾಂಕನ್ನು ನೀನೇ ಅವಳಿಗೆ ಹೇಳು.

ನಿನ್ನ ಅಕ್ಕ,
ಶರಾಪತ್

*

ಕರಗಂದಾ
೧೯ ಜನವರಿ ೧೯೯೬

ಗೌರವದ ಅಕ್ಕ ಶರಾಪತ್‌ಗೆ,

ಕ್ಷೇಮ. ನಿಮ್ಮ ಕ್ಷೇಮವನ್ನೂ ಬಯಸುತ್ತೇನೆ. ಇಲ್ಲಿ ಹಿಮ ಕಲ್ಲಿದ್ದಲಿನ ಬಣ್ಣಕ್ಕೆ ತಿರುಗಿದೆ. ಪಾಳಿಯ ಮೇಲ್ವಿಚಾರಣೆ ನನ್ನದಾದ್ದರಿಂದ ಬರೆಯಲು ಬಿಡುವಾಗಲಿಲ್ಲ.

ವಿಷಯಕ್ಕೆ ಬರುತ್ತೇನೆ. ಅಪ್ಪನಿಗೆ ಗಂಡುಮಗನೆಂದು ಇರುವವನು ನಾನೊಬ್ಬನೇ. ವರ್ಷ ತುಂಬಿದಾಗ ಹಾಕುವ ಆಶ್ ಊಟವೂ ಅಂದು ನಿಲ್ಲಿಸುವ ಕಲ್ಲೂ ನನ್ನ ಹೊಣೆ. ಕುಲದವರೆಲ್ಲ ಬರುತ್ತಾರೆ, ಜಿಲ್ಲೆಯ ಮಾಜಿ ಸೈನಿಕರ ಮಂಡಳಿಯವರೂ ಬರುತ್ತಾರೆ. ಕಲ್ಲಿನ ಮೇಲೆ ಹೀಗಿರಬೇಕು:

‘ಕೊಯ್ಚುಮಾನ್, ತೆಮಿರ್‌ನ ಮಗ. ೧೯೨೩–೧೯೯೫. ಮಹಾಯುದ್ಧದ ವೀರ ಯೋಧ. ಶತ್ರುವಿನ ಟ್ಯಾಂಕನ್ನು ಏಕಾಂಗಿಯಾಗಿ ಧ್ವಂಸಗೈದವನು. ಆದರ್ಶ ಪತಿ, ಆದರ್ಶ ತಂದೆ.’

ಮೇಲೆ ಪದಕ ಧರಿಸಿದ ಭಾವಚಿತ್ರ. ಕರಿಯ ಕಲ್ಲೇ ಆಗಬೇಕು.

ಟ್ಯಾಂಕ್ ಸುಳ್ಳೆಂದು ನೀನು ಹೇಳುವೆ ಅಂತ ಗೊತ್ತು. ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರು ಇಡೀ ಶಾಲೆಯ ಮುಂದೆ ಹೇಳಿದ್ದು ಅದು. ಮೇಷ್ಟ್ರು ಸುಳ್ಳು ಹೇಳುತ್ತಾರೆಯೆ? ಅಪ್ಪ ಎದುರಿಗೇ ಕೂತಿದ್ದ. ಅಲ್ಲವೆಂದು ಅವನೂ ಹೇಳಲಿಲ್ಲ.

ಅವ್ವನ ಕೈಗೆ ಇದನ್ನು ಬಿಡಬೇಡ. ಅವಳಿಗೆ ಇದೆಲ್ಲ ತಿಳಿಯುವುದಿಲ್ಲ.

ವಿಧೇಯ ತಮ್ಮ,
ಮುಕಾಶ್

*

ಕಾರಾ-ಬುಲುಂಗ್
೧೧ ಮಾರ್ಚ್ ೧೯೯೬

ಮುಕಾಶ್,

ಅಲ್ಲವೆಂದು ಅಪ್ಪ ಹೇಳಲಿಲ್ಲ, ನಿಜ. ನಾಲ್ಕು ಜನರ ಮುಂದೆ ಅಪ್ಪ ಯಾವುದನ್ನು ತಾನೆ ಹೇಳಿದ್ದ? ವಿಜಯ ದಿನದಂದು ಶಾಲೆಗೆ ಕರೆದು, ಹೂ ಕೊಟ್ಟು, “ಯುದ್ಧದ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ, ಹಿರಿಯರೇ” ಎಂದರೆ ಎದ್ದು ನಿಂತು, “ಕುದುರೆ ಚೆನ್ನಾಗಿತ್ತು” ಎಂದು ಕೂತುಬಿಡುತ್ತಿದ್ದ. ಪ್ರತಿ ವರ್ಷ ಅಷ್ಟೇ. ಟ್ಯಾಂಕ್ ಹೊಡೆಯುವವನಿಗೆ ಕುದುರೆ ಯಾಕೆ? ಅಪ್ಪ ಗಾಡಿ ಹೊಡೆಯುತ್ತಿದ್ದ, ಮುಕಾಶ್. ಹೋಗುವಾಗ ಗಂಜಿಯ ಹಂಡೆ, ಬರುವಾಗ ಗಾಯಾಳುಗಳು. ಅವನ ಎರಡು ಪದಕವೂ ಅದಕ್ಕೇ ಬಂದದ್ದು. ಅದು ನಿನಗೆ ಸಾಲದಿದ್ದರೆ ನಾನೇನು ಮಾಡಲಿ?

ಅವ್ವನಿಗೆ ನಿನ್ನ ಕಾಗದ ಓದಿ ಹೇಳಿದೆ. ಟ್ಯಾಂಕ್ ಬಂದಾಗ ಕೈಯಲ್ಲಿದ್ದ ಕದಿರು ನಿಲ್ಲಿಸಿ ಅಂದಳು:

“ಅವರು ಟ್ಯಾಂಕ್ ಹೊಡೆದಿದ್ರೆ ನನಗೆ ಹೇಳ್ತಿರ್ಲಿಲ್ವಾ? ಇಲಿ ಹೊಡೆದ್ರೂ ಬಾಲ ಹಿಡ್ಕೊಂಡು ತಂದು ತೋರಿಸ್ತಿದ್ರು.”

ಆದರ್ಶ ತಂದೆ ಎಂದು ಬರೆದಿದ್ದೀಯ. ಆ ಮಾತು ಅಂಗಡಿಯಲ್ಲಿ ಕೊಂಡ ಹಾಗಿದೆ. ಅವ್ವನಿಗೆ ಕೈ ಮುರಿದ ಚಳಿಗಾಲ ನಿನಗೆ ನೆನಪಿಲ್ಲ, ಸಣ್ಣವನಿದ್ದೆ. ನನಗೆ ಜಡೆ ಹಾಕಿದ್ದು ಅಪ್ಪ. ಕುದುರೆಯ ಬಾಲ ಹೆಣೆದು ಗೊತ್ತಿದ್ದವನು ನನ್ನ ಕೂದಲನ್ನೂ ಹಾಗೇ ಬಿಗಿದು ಹೆಣೆದ. ವಾರವಾದರೂ ಬಿಚ್ಚಲಿಲ್ಲ, ಹುಬ್ಬು ಮೇಲಕ್ಕೆ ಹೋಗಿತ್ತು. ಶಾಲೆಯಲ್ಲಿ ಎಲ್ಲರೂ, “ಶರಾಪತ್, ಯಾಕೆ ಯಾವಾಗ್ಲೂ ಗಾಬರಿ ಆದವಳ ಥರ ನೋಡ್ತೀಯ?” ಎಂದು ಕೇಳುತ್ತಿದ್ದರು. ಅದನ್ನು ಯಾವ ಕರಿಯ ಕಲ್ಲಿನ ಮೇಲೆ ಹಾಕುತ್ತೀ?

ಇನ್ನೊಂದು ಸುದ್ದಿ. ನೀನು ಸಿಟ್ಟಾಗುವೆ, ಆಗು. ಹೋದ ವಾರ ಅವ್ವ ನನಗೂ ಹೇಳದೆ ಹಾಲಿನ ಲಾರಿ ಹತ್ತಿ ನರೀನ್‌ಗೆ ಹೋಗಿ, ಅಲ್ಲಿ ಕಲ್ಲು ಕೆತ್ತುವ ಗೇನ್ರಿಖ್‌ನಿಗೆ ಎಲ್ಲ ಒಪ್ಪಿಸಿ ಬಂದಿದ್ದಾಳೆ. ಅದೇ, ಮುದುಕ ಜರ್ಮನ್. ಯುದ್ಧದ ಕಾಲದಲ್ಲಿ ಇಲ್ಲಿಗೆ ತಂದುಬಿಟ್ಟಿದ್ದ ಅವನ ಜನರೆಲ್ಲ ಜರ್ಮನಿಗೆ ಹೋದರೂ ಇವನೊಬ್ಬ ಉಳಿದಿದ್ದಾನೆ. ಕಿರ್ಗಿಜ್ ಮಾತು ಚೆನ್ನಾಗಿ ಆಡುತ್ತಾನೆ.

“ಏನು ಬರೆಸಿದೆ ಅವ್ವ?”

“ಹೆಸರು.”

“ಅಷ್ಟೇನಾ?”

“ಕಲ್ಲಿನ ಮೇಲೆ ಇನ್ನೇನು, ಪತ್ರಿಕೆ ಅಚ್ಚು ಹಾಕಿಸ್ಬೇಕಿತ್ತಾ?”

ಹೆಸರು, ವರ್ಷ. ಸಾಕು ಎಂದು ನನಗೂ ಅನ್ನಿಸಿತು. ನೀನೂ ಸಾಕು ಅಂದುಕೋ.

ಅಕ್ಕ

*

ಕರಗಂದಾ
೨೩ ಏಪ್ರಿಲ್ ೧೯೯೬

ಅಕ್ಕ,

ಅವ್ವ ಒಬ್ಬಳೇ ಹಾಲಿನ ಲಾರಿಯಲ್ಲಿ ಹೋದಳೆ? ನೀವೆಲ್ಲ ಏನು ಮಾಡುತ್ತಿದ್ದಿರಿ? ಜಪಾರ್ ಭಾವ ಸೌದೆ ಒಡೆಯುತ್ತಿದ್ದರೆ?

ಆಯಿತು. ಬರೀ ಹೆಸರೇ ಇರಲಿ. ಟ್ಯಾಂಕಿನ ವಿಷಯವನ್ನು ಆಶ್ ದಿನದ ಭಾಷಣದಲ್ಲಿ ನಾನೇ ಹೇಳುತ್ತೇನೆ. ಹೆಸರಿನಲ್ಲಾದರೂ ತಪ್ಪಾಗದಂತೆ ನೋಡಿಕೋ. ಆ ಜರ್ಮನ್ ಕಾಗುಣಿತ ತಪ್ಪಿದರೆ ಕುಲದವರ ಮುಂದೆ ಮಾನ ಹೋಗುವುದು ನನ್ನದು.

ಮುಕಾಶ್

*

ಕಾರಾ-ಬುಲುಂಗ್
೮ ಜೂನ್ ೧೯೯೬

ಮುಕಾಶ್,

ಕೂತುಕೊಂಡು ಓದು.

ನಿನ್ನೆ ಕಲ್ಲು ಬಂತು. ಗೇನ್ರಿಖ್ ಲಾರಿಯಲ್ಲಿ ತಾನೇ ತಂದ. ಜಪಾರ್ ಮತ್ತು ಪಕ್ಕದ ಮನೆಯವರು ಇಳಿಸಿ, ನಮ್ಮ ಅಂಗಳದಲ್ಲಿ ಗೋಡೆಗೆ ಒರಗಿಸಿ, ಸುತ್ತಿದ್ದ ಕಂಬಳಿ ತೆಗೆದರು. ಮೊದಲು ಕಂಡದ್ದು ಟಗರು. ಸುರುಳಿ ಕೊಂಬು, ತುಂಬು ಉಣ್ಣೆ, ಬಹಳ ಚೆನ್ನಾಗಿ ಕೆತ್ತಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ:

‘ಮಾರಮಾಚಿ. ದೊಡ್ಡ ಮನೆಯವರ ಮಗ. ೧೯೨೩–೧೯೯೫.’

ಪಕ್ಕದ ಮನೆಯವರು ಕಲ್ಪಕ್ ಟೋಪಿ ತೆಗೆದು ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು.

“ಗೇನ್ರಿಖ್, ಇದು ಯಾರ ಕಲ್ಲು?” ಎಂದು ಕೇಳಿದೆ.

“ನಿಮ್ಮ ತಂದೆಯವರದು.”

“ನಮ್ಮಪ್ಪನ ಹೆಸರು ಕೊಯ್ಚುಮಾನ್!”

ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಕಲ್ಲನ್ನು ನೋಡಿದ, ನನ್ನನ್ನು ನೋಡಿದ. “ತಾಯಿ ಹೇಳಿದ್ದು ಇದು. ನಾನು ಎರಡು ಸಲ ಕೇಳ್ದೆ. ತಂದೆ ಹೆಸರು ಅಂತ ಕೇಳಿದ್ದಕ್ಕೆ ‘ದೊಡ್ಡ ಮನೆಯವರು’ ಅಂದ್ರು. ಅಪರೂಪದ ಹೆಸರು ಅಂತ ಅಂದ್ಕೊಂಡೆ. ಟಗರು ನನ್ನ ಲೆಕ್ಕದ್ದು, ಹೆಸರಿಗೆ ಒಪ್ಪುತ್ತೆ ಅಂತ ಹಾಕ್ದೆ.”

ಇಷ್ಟು ವರ್ಷ ನಮ್ಮ ನಡುವೆ ಇದ್ದಾನೆ, ಮದುವೆಯಾದ ಹೆಂಗಸಿನ ಬಾಯಿಂದ ಗಂಡನ ಹೆಸರು ಕೇಳಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲವಂತೆ. ಯಾವಾಗಲೂ ಗಂಡಸರೇ ಕಲ್ಲು ಮಾಡಿಸಲು ಬರುತ್ತಿದ್ದರಂತೆ. ಅವನನ್ನು ಬೈಯಲೂ ನನಗೆ ದಾರಿ ಉಳಿಯಲಿಲ್ಲ.

ಅವ್ವ ಬಾಗಿಲಿಂದ ಬಂದಳು. ಅವಳಿಗೆ ಓದಲು ಬರುತ್ತದೆ, ನಿಧಾನವಾಗಿ. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

“ಸರಿಯಾಗಿದೆ,” ಅಂದಳು.

“ಅವ್ವಾ! ಇದು ಅಪ್ಪನ ಹೆಸರಲ್ಲ!”

“ಅವನು ಹೆಸರು ಕೇಳ್ದ, ನಾನು ಹೇಳ್ದೆ. ಇದಲ್ದೆ ಇನ್ಯಾವುದು ಹೇಳ್ಬೇಕಿತ್ತು?”

“ನಿನ್ನ ಮಾವನ ಹೆಸರೂ ಇಲ್ವಲ್ಲ!”

“ಅವರ ಹೆಸರು ನಾನು ಹೇಳ್ಲಾ? ನಾಲಿಗೆ ಬಿದ್ದು ಹೋಗಲ್ವಾ?” ಆಮೇಲೆ ಟಗರಿನ ಮೂಗು ಸವರಿ, ಗೇನ್ರಿಖ್‌ನಿಗೆ ಕುದುರೆ ಹಾಲಿನ ಕುಮಿಸ್ ಕೊಡು ಎಂದು ನನಗೇ ಅಪ್ಪಣೆ ಮಾಡಿದಳು.

ಮುಲ್ಲಾ ಬಂದು ಪ್ರಾಣಿಯ ಚಿತ್ರ ಆಗದು ಎಂದು ಹೋದರು. ಮಂಡಳಿಯ ಅಧ್ಯಕ್ಷ ಸಿದಿಗಾಲಿ ಬಂದು, “ಇದನ್ನ ನಿಲ್ಲಿಸಿದ್ರೆ ನಾವು ಬರಲ್ಲ, ಸೈನ್ಯಕ್ಕೆ ಅವಮಾನ” ಎಂದು ಹೋದರು. ನನಗೆ ತಲೆ ಒಡೆಯುತ್ತಿದೆ. ಹಾಲು ಬೇರೆ ಒಡೆದಿದೆ.

ಶರಾಪತ್

*

ಕರಗಂದಾ
೩೦ ಜೂನ್ ೧೯೯೬

ಶರಾಪತ್ ಅಕ್ಕ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೂರನೆಯ ಸಲವೂ ಟಗರು ಅಲ್ಲೇ ಇತ್ತು.

ಆ ಕಲ್ಲನ್ನು ಒಡೆಸು. ಒಡೆಯಲಾಗದಿದ್ದರೆ ಬೋರಲು ಹಾಕಿ ಹೊಳೆ ದಾಟಲು ಇಡು. ಹೊಸ ಕಲ್ಲನ್ನು ನಾನು ಇಲ್ಲೇ ಮಾಡಿಸಿ ರೈಲಿನಲ್ಲಿ ಹಾಕುತ್ತೇನೆ. ಯುದ್ಧದಲ್ಲಿ ಹೋರಾಡಿದ ಮನುಷ್ಯ, ಮಕ್ಕಳನ್ನು ದಡ ಸೇರಿಸಿದ ಮನುಷ್ಯ, ಅವನ ತಲೆಯ ಮೇಲೆ ‘ಮ್ಯಾ’ ಎಂದು ಬರೆದು ನಿಲ್ಲಿಸುವುದೆ? ಹೊಳೆಯಾಚೆಯ ಕುಲದವರು ಇದನ್ನು ನೂರು ವರ್ಷ ಹೇಳಿಕೊಂಡು ನಗುತ್ತಾರೆ. ನನ್ನ ಮೊಮ್ಮಕ್ಕಳನ್ನು ಕಂಡರೂ ಮ್ಯಾ ಅನ್ನುತ್ತಾರೆ.

ಮಗನ ಮಾತು ಇದು, ಅವ್ವನಿಗೆ ಹೇಳು. ಅಪ್ಪ ಮನೆಯಲ್ಲಿ ಮೆತ್ತಗಿದ್ದ, ಗೊತ್ತು. ಹೊರಗಿನವರಿಗೆ ಅದು ಗೊತ್ತಾಗುವುದು ಬೇಡ.

ಮುಕಾಶ್

*

ಕಾರಾ-ಬುಲುಂಗ್
೨ ಆಗಸ್ಟ್ ೧೯೯೬

ಮುಕಾಶ್,

ಮಗನ ಮಾತು ಹೇಳಿದೆ. ಜಪಾರ್ ಕಲ್ಲನ್ನು ನೆಲಕ್ಕೆ ಮಲಗಿಸಿ ಸುತ್ತಿಗೆ ತಂದ. ಅವ್ವ ಕಂಬಳಿ ಮಡಚಿ ಕಲ್ಲಿನ ಮೇಲೆ ಹಾಕಿ ಅದರ ಮೇಲೆ ಕೂತಳು. ಕದಿರು, ಉಣ್ಣೆ, ಚಹಾದ ಬಟ್ಟಲು ಎಲ್ಲ ಅಲ್ಲಿಗೇ ತರಿಸಿದಳು. ಮೂರು ಹೊತ್ತೂ ಅಲ್ಲೇ ಊಟ. ಜಪಾರ್ ಪಾಪ, ಸುತ್ತಿಗೆ ತಂದದ್ದು ಬೇಲಿಯ ಕೆಲಸಕ್ಕೆ ಎಂದು ಹೇಳಿ ಬೇಲಿಗೆ ಎರಡು ಗೂಟ ಹೊಡೆದು ಬಂದ.

ಕೊನೆಗೆ ನಾನು ಕೂಗಾಡಿದೆ. “ಐವತ್ತು ವರ್ಷ ಹೇಳ್ಲಿಲ್ಲ, ಸರಿ. ಸತ್ತ ಮೇಲಾದ್ರೂ ಅವನ ಹೆಸರು ಅವನಿಗೆ ಕೊಡೋಕೆ ಏನು ಕಷ್ಟ ನಿನಗೆ?”

ಆಗ ಹೇಳಿದಳು. ಅವಳು ಹೇಳಿದ ಹಾಗೇ ಬರೆಯುತ್ತೇನೆ.

ಯುದ್ಧದ ಕಾಲದಲ್ಲಿ ನಮ್ಮ ಮನೆಗೆ ಅಪ್ಪ ಸತ್ತನೆಂಬ ಕಪ್ಪು ಕಾಗದ ತಪ್ಪಾಗಿ ಬಂದಿತ್ತು ಎಂಬುದು ನಮಗೆ ಗೊತ್ತು. ಅಪ್ಪ ಅದನ್ನು ನಗುತ್ತ ಹೇಳುತ್ತಿದ್ದ, ‘ಒಂದ್ಸಲ ಸತ್ತು ನೋಡಿದೀನಿ, ಏನೂ ಆಗಲ್ಲ’ ಅಂತ. ಆದರೆ ಇಲ್ಲಿ ಏನಾಯಿತೆಂದು ಅವನೂ ಹೇಳಲಿಲ್ಲ, ಇವಳೂ ಹೇಳಲಿಲ್ಲ.

“ಮದುವೆ ಆಗಿ ಒಂದು ಚಳಿಗಾಲ ಕಳೆದಿರ್ಲಿಲ್ಲ, ಹೋಗಿದ್ರು. ಸಾಮೂಹಿಕ ಬೇಸಾಯದ ಕೊಲ್ಖೋಜ್ ಕಚೇರಿ ಮೆಟ್ಟಿಲ ಮೇಲೆ ನಿಂತು ಓದಿದ್ರು. ಗಟ್ಟಿಯಾಗಿ, ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ. ಸತ್ತಿದ್ದಾನೆ ಅಂತ. ನಮ್ಮತ್ತೆ ತಲೆಬಟ್ಟೆ ಕಿತ್ತು ಬಿದ್ದು ಹೊರಳಾಡಿದ್ರು. ಗುಡಾರ ಹಾಕಿದ್ರು. ನನ್ನನ್ನ ಗೋಡೆ ಕಡೆ ಕೂರಿಸಿ, ಹಾಡು ಅಂದ್ರು. ಗಂಡ ಸತ್ರೆ ಹಾಡಿ ಅಳಬೇಕಲ್ಲ. ನಾನು ಹಾಡ್ಲಿಲ್ಲ.

“‘ಕಲ್ಲೆದೆಯವಳೇ, ಯಾಕೆ ಹಾಡಲ್ಲ?’ ಅಂದ್ರು ಅತ್ತೆ. ‘ಅವರು ಓದಿದ ಹೆಸರಿನವನನ್ನ ನಾನು ಕಾಣೆ’ ಅಂದೆ. ‘ಆ ಹೆಸರು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಅವನ್ಯಾರೋ ಸತ್ತಿರಬೋದು. ನನ್ನವನು ಮಾರಮಾಚಿ. ಮಾರಮಾಚಿ ಸತ್ತ ಅಂತ ಯಾರೂ ಓದಲಿಲ್ಲ.’ ಕೆನ್ನೆಗೆ ಬಾರಿಸಿದ್ರು. ಬಾರಿಸ್ಲಿ, ಮಗ ಹೋದ ಸಂಕಟ. ಊರಲ್ಲಿ ನನಗೆ ಹುಚ್ಚು ಅಂದ್ರು. ಕಪ್ಪು ಬಟ್ಟೆ ಉಡ್ಲಿಲ್ಲ. ಎರಡು ವರ್ಷ ನನ್ನ ಜೊತೆ ಯಾರೂ ಬಟ್ಟಲು ಹಂಚಿಕೊಳ್ಲಿಲ್ಲ.

“ಆಮೇಲೆ ಶರತ್ಕಾಲ. ಹೊಳೆಯಲ್ಲಿ ಉಣ್ಣೆ ತೊಳೀತಿದ್ದೆ. ಆಚೆ ದಡದಲ್ಲಿ ಒಬ್ಬ ಸೈನ್ಯದ ಕೋಟು ಹಾಕ್ಕೊಂಡು ನಿಂತಿದ್ದ. ಗಡ್ಡ, ಎಲುಬು, ಅಷ್ಟೇ. ಗುರುತೇ ಸಿಗ್ಲಿಲ್ಲ. ಹೆಸರು ಹಿಡಿದು ಕರೆಯೋಣ ಅಂದ್ರೆ ಆ ಹೆಸರು ಸತ್ತಿತ್ತು. ‘ಮಾರಮಾಚೀ!’ ಅಂತ ಕೂಗ್ದೆ. ಅಷ್ಟು ಹೊತ್ತು ಸುಮ್ನೆ ನಿಂತಿದ್ದೋರು, ಎದೆ ಮೇಲೆ ಪದಕ ಬೇರೆ, ಬಾಯಿ ಅಗಲ ಮಾಡಿ, ‘ಮ್ಯಾ!’ ಅಂದ್ರು.”

ಅಷ್ಟು ಹೇಳಿ ಉಣ್ಣೆ ಎತ್ತಿಕೊಂಡಳು. ಆಮೇಲೆ ನನ್ನ ಮುಖ ನೋಡದೆ ಅಂದಳು:

“ಆ ಇನ್ನೊಂದು ಹೆಸರು ನಿಮಗಿರಲಿ. ಸೈನ್ಯದವರು ಇಟ್ಕೊಳ್ಳಲಿ, ಮಂಡಳಿಯವರು ಇಟ್ಕೊಳ್ಳಲಿ. ಅದನ್ನ ಗಟ್ಟಿಯಾಗಿ ಓದಿದ್ರೆ ಏನಾಗುತ್ತೆ ಅಂತ ನಾನು ನೋಡಿದೀನಿ. ನಾನು ಅವರ ಹತ್ರ ಹೋದಾಗ ಕರೆಯೋಕೆ ನನಗೊಂದು ಹೆಸರು ಬೇಕು.”

ಇನ್ನು ಒಡೆಯುವುದಿದ್ದರೆ ನೀನೇ ಬಂದು ಒಡೆ, ಮುಕಾಶ್. ನನ್ನ ಕೈಲಾಗದು.

ಗೇನ್ರಿಖ್ ಬಂದಿದ್ದ. ಕಲ್ಲಿಗೆ ಇನ್ನೊಂದು ಮುಖ ಇದೆಯಲ್ಲ ಎಂದ. ರಸ್ತೆಯ ಕಡೆಗೆ ಪೂರ್ತಿ ಹೆಸರು ಕೆತ್ತುತ್ತಾನೆ, ಮುಲ್ಲಾಗೂ ಸಿದಿಗಾಲಿಗೂ ಅದು ಸಾಕು. ಟಗರು ಹುಲ್ಲುಗಾವಲಿನ ಕಡೆಗೆ ನೋಡಲಿ. ಅವ್ವ ಬಹಳ ಯೋಚಿಸಿ, “ಕೆತ್ತುವಾಗ ಅಲುಗಾಡಿಸ್ಬೇಡ” ಎಂದು ಎದ್ದು ಜಾಗ ಬಿಟ್ಟಳು.

ರೈಲಿಗೆ ಕಲ್ಲು ಹಾಕಬೇಡ. ನೀನು ಬಾ.

ಅಕ್ಕ

*

ಕಾರಾ-ಬುಲುಂಗ್
೫ ಅಕ್ಟೋಬರ್ ೧೯೯೬

ಮುಕಾಶ್,

ಆಶ್ ಮುಗಿದ ಮೇಲೆ ಇವತ್ತು ಹಂಡೆಗಳನ್ನು ಎಲ್ಲರ ಮನೆಗೆ ವಾಪಸು ಕಳಿಸಿ ಮುಗಿಯಿತು. ಒಂದು ಹಂಡೆ ಯಾರದೆಂದು ಗೊತ್ತಾಗದೆ ಉಳಿದಿದೆ.

ಭಾಷಣದಲ್ಲಿ ಟ್ಯಾಂಕ್ ಬೇಡವೆಂದು ಅಷ್ಟು ಹೇಳಿದ್ದೆ. ಬಂದೇ ಬಂತು. ಅದೂ ಒಂದಲ್ಲ, ಎರಡು. ನೀನು ಓದುತ್ತಿದ್ದಾಗ ಅವ್ವ ನನ್ನ ಕಿವಿಯಲ್ಲಿ, “ಇವನು ಯಾರ ಬಗ್ಗೆ ಹೇಳ್ತಿದಾನೆ?” ಎಂದು ಕೇಳಿದಳು. ಸಿದಿಗಾಲಿ ಮಾತ್ರ ಕಣ್ಣೊರೆಸಿಕೊಂಡರು. ಕಲ್ಲಿನ ಹಿಂದೆ ಯಾರೂ ಹೋಗಲಿಲ್ಲ ಎಂದು ನೀನು ಸಮಾಧಾನ ಪಟ್ಟುಕೊಂಡೆ. ಮಕ್ಕಳೆಲ್ಲ ಹೋಗಿದ್ದರು, ಟಗರಿನ ಕೊಂಬಿಗೆ ಎಣ್ಣೆಯ ಕೈ ಸವರಿದ್ದಾರೆ, ಈಗ ಮಿರಮಿರ ಹೊಳೆಯುತ್ತಿದೆ.

ನಿನ್ನ ಮೇಲೆ ಇನ್ನೊಂದು ಸಿಟ್ಟು. ಮಾರನೆಯ ದಿನ ಬೆಳಿಗ್ಗೆ ಅವ್ವನನ್ನು ಸಮಾಧಿಗೆ ಕರೆದುಕೊಂಡು ಹೋದವನು, ತಂದು ಬಾಗಿಲಲ್ಲಿ ಬಿಟ್ಟು, ಚಹಾ ಕೂಡ ಕುಡಿಯದೆ ಬಸ್ಸು ಹತ್ತಿದೆ. ಜಗಳವಾಯಿತೆ? ಅವಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ. ಆದರೆ ಅಂದಿನಿಂದ ಸಂಜೆ ಅಂಗಳಕ್ಕೆ ಬರುವುದು ನಿಲ್ಲಿಸಿದ್ದಾಳೆ. ಚಹಾ ಆದಾಗ ಒಳಗೇ ಕೂತು ಕುಡಿಯುತ್ತಾಳೆ. ನನ್ನ ರೊಟ್ಟಿಯನ್ನೂ ಬೈಯಲಿಲ್ಲ. ನನಗೆ ಭಯವಾಗಿದೆ. ಅವಳಿಗೆ ಏನು ಹೇಳಿದೆ, ಬರೆ.

ಶರಾಪತ್

*

ಕರಗಂದಾ
೨೭ ಅಕ್ಟೋಬರ್ ೧೯೯೬

ಅಕ್ಕ,

ಜಗಳವಾಗಲಿಲ್ಲ. ಭಯಪಡಬೇಡ. ಹಂಡೆ ಹೊಳೆಯಾಚೆಯ ಸೋದರತ್ತೆಯದು, ನಾನೇ ತಂದಿದ್ದೆ.

ಆ ಬೆಳಿಗ್ಗೆ ಅವ್ವ ರಸ್ತೆಯ ಕಡೆಯ ಮುಖವನ್ನು ನೋಡಲೇ ಇಲ್ಲ. ಸುತ್ತಿಕೊಂಡು ಹಿಂದಕ್ಕೆ ಹೋದಳು. ನಾನು ಈಚೆ ನಿಂತು ಟ್ಯಾಂಕ್ ಬರೆಸಬೇಕೆಂದಿದ್ದ ಜಾಗವನ್ನು ನೋಡುತ್ತಿದ್ದೆ. ಹಿಂದಿನಿಂದ, “ಮಾರಮಾಚೀ!” ಎಂದು ಕೂಗಿದಳು. ಅಪ್ಪ ಬದುಕಿದ್ದಾಗ ಅಂಗಳದಿಂದ ಕೂಗುತ್ತಿದ್ದಳಲ್ಲ, ಅಷ್ಟೇ ಗಟ್ಟಿಯಾಗಿ. ಗಾಳಿಯೂ ಇರಲಿಲ್ಲ. ಅವಳು ಅಳುತ್ತಿರಲಿಲ್ಲ, ಅಕ್ಕ. ಕಾಯುತ್ತಿದ್ದಳು. ಚಹಾ ಆರುತ್ತಿರುವಾಗ ಕಾಯುವ ಹಾಗೆ, ಸ್ವಲ್ಪ ಸಿಟ್ಟಿನಿಂದ.

ಇನ್ನೊಂದು ಸಲ ಕೂಗಿದಳು.

ನಾನು ಪಾಳಿಯ ಮೇಲ್ವಿಚಾರಕ. ನನ್ನ ಕೈಕೆಳಗಿನವರು ನಾನು ಕೆಮ್ಮಿದರೂ ಎದ್ದು ನಿಲ್ಲುತ್ತಾರೆ. ರಸ್ತೆಯಲ್ಲಿ ಸಿದಿಗಾಲಿ ತಮ್ಮ ಕತ್ತೆಯ ಮೇಲೆ ಹೋಗುತ್ತಿದ್ದರು. ಹೊಳೆಯಾಚೆಯ ಇಬ್ಬರು ಆಶ್‌ಗೆ ತಂದಿದ್ದ ಕುದುರೆಗಳನ್ನು ಹೊಡೆದುಕೊಂಡು ಬರುತ್ತಿದ್ದರು. ಎಲ್ಲರಿಗೂ ನಾನು ಕಾಣುತ್ತಿದ್ದೆ.

“ಮ್ಯಾ!” ಅಂದೆ.

ಸರಿಯಾಗಿ ಬರಲಿಲ್ಲ. ಅಪ್ಪನಷ್ಟು ಉದ್ದ ನನಗೆ ಬರುವುದಿಲ್ಲ. ಅವ್ವ ಕಲ್ಲಿನ ಪಕ್ಕದಿಂದ ತಲೆ ಹೊರಗೆ ಹಾಕಿ, ನನ್ನನ್ನು ನೋಡಿ, “ಬಾ, ಹೋಗೋಣ, ಚಹಾ ಆಗಿರುತ್ತೆ” ಅಂದಳು. ದಾರಿಯುದ್ದಕ್ಕೂ ನನ್ನ ತೋಳು ಹಿಡಿದುಕೊಂಡಿದ್ದಳು.

ಕೂತು ಆ ಚಹಾ ಕುಡಿದಿದ್ದರೆ ಅತ್ತುಬಿಡುತ್ತಿದ್ದೆ. ಅದಕ್ಕೇ ಬಸ್ಸು ಹತ್ತಿದೆ.

ಸಿದಿಗಾಲಿ ಊರಲ್ಲಿ ಏನಾದರೂ ಹೇಳಿಕೊಂಡು ತಿರುಗಿದರೆ, ಹೇಳಲಿ ಬಿಡು.

ನಿನ್ನ ತಮ್ಮ,
ಮಾರಮಾಚಿಯ ಮಗ ಮುಕಾಶ್